ಅಲನ್ ಟ್ಯೂರಿಂಗ್: ಯಂತ್ರಕ್ಕೆ ವಿದ್ಯೆ ಕಲಿಸಹೊರಟ ಗಣಿತಜ್ಞ

ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಜೂಲಿಯಸ್ ಟ್ಯೂರಿಂಗ್ ಎಂಬ ಆಂಗ್ಲ ಅಧಿಕಾರಿಯೊಬ್ಬನು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣಗಳ ಸೀಮೆಯಲ್ಲಿ ಕುದುರೆಯೇರಿ ಊರೂರು ತಿರುಗಿ ಬೇಸಾಯ, ನೀರಾವರಿ, ನೈರ್ಮಲ್ಯಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದನು. ಅವನ ಪತ್ನಿ ಈಥೆಲ್ ಸಾರಾ ಸ್ಟೋನಿಯು ಕೊಯಮತ್ತೂರಿನ ಸಮೀಪದ ಪೋದನೂರಿನಲ್ಲಿ ಜನಿಸಿದವಳು. ಆಕೆಯ ತಂದೆ ಎಡ್ವರ್ಡ್ ಸ್ಟೋನಿಯು ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರನಾಗಿ ನಮ್ಮ ತುಂಗಭದ್ರೆಗೆ ಸೇತುವೆಯನ್ನು ಕಟ್ಟಿಸಿದವನು. ಸದ್ದಿಲ್ಲದೆ ತಿರುಗುವ ಪಂಖಾ ಚಕ್ರವೊಂದನ್ನು ಕಂಡುಹಿಡಿದು ಅದಕ್ಕೆ ಹಕ್ಕುಪತ್ರವನ್ನೂ ಪಡೆದವನು. ಈ ದಂಪತಿಗಳ ಎರಡನೆಯ ಮಗನೇ ಅಲನ್ ಮ್ಯಾಥಿಸನ್ ಟ್ಯೂರಿಂಗ್. ತಾಯಿಯು ಗರ್ಭಿಣಿಯಾದದ್ದು ಒರಿಸ್ಸಾ ಕರಾವಳಿಯ ಛತ್ರಪುರದಲ್ಲಿ. ಹೆರಿಗೆಯಾದದ್ದು 1912ರ ಜೂನ್ 23ರಂದು ಲಂಡನ್ನಿನಲ್ಲಿ. ಇಂದು ಯಂತ್ರಕಲಿಕೆ, ಬ್ಲಾಕ್‌ಚೈನ್ ಎಂಬ ಮಾತುಗಳು ಪ್ರೌಢಶಾಲೆಯ ಮಕ್ಕಳ ಬಾಯಲ್ಲಿಯೂ ಕೇಳಿಬರುತ್ತಿವೆ. ಆ ಎರಡು ಸಂಶೋಧನೆಗಳ ಮೂಲವನ್ನು ಅರಸುತ್ತ ಹೋದವರು ಕೊನೆಗೆ ಬಂದು ನಿಲ್ಲುವುದು ಈ ಒಬ್ಬ ಮನುಷ್ಯನ ಬಳಿಯಲ್ಲಿಯೇ ಆದುದರಿಂದ, ಆತನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿರಿಸುವುದು ಉಚಿತವೆಂದು ತೋರಿತು.

ಇಂಡಿಯಾದ ಬಿಸಿಲು ಮಕ್ಕಳಿಗೆ ಆಗದೆಂಬ ಭಾವನೆಯಿಂದ ತಂದೆತಾಯಿಗಳು ಅಲನ್ ಮತ್ತು ಅವನ ಅಣ್ಣ ಜಾನ್ ಇಬ್ಬರನ್ನೂ ಇಂಗ್ಲೆಂಡಿನ ಕಡಲ ತೀರದ ಊರೊಂದರಲ್ಲಿ ನಿವೃತ್ತ ಕರ್ನಲೊಬ್ಬನ ಮನೆಯಲ್ಲಿ ಬಿಟ್ಟರು. ಹಡಗಿನ ದಾರಿ ನೋಡುತ್ತ ಬೆಳೆದ ಬಾಲ್ಯವದು. ಮೂರು ವಾರಗಳಲ್ಲಿ ತಾನಾಗಿಯೇ ಓದಲು ಕಲಿತ ಹುಡುಗನಿಗೆ ಹತ್ತರ ಪ್ರಾಯದಲ್ಲಿ ಬ್ರೂಸ್ಟರ್ ಎಂಬಾತನು ಮಕ್ಕಳಿಗಾಗಿ ಬರೆದ ಪ್ರಕೃತಿ ವಿಜ್ಞಾನದ ಪುಸ್ತಕವೊಂದು ಕೈಸೇರಿತು. ಜೀವಿಯ ದೇಹವೂ ಒಂದು ಬಗೆಯ ಯಂತ್ರವೇ ಎಂದು ಆ ಪುಸ್ತಕ ಹೇಳುತ್ತಿತ್ತು. ಆ ಮಾತು ಅವನ ತಲೆಯಿಂದ ಮುಂದೆಂದೂ ಇಳಿಯಲಿಲ್ಲ.

1926ರಲ್ಲಿ ಷೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನವೇ ದೇಶದಲ್ಲೆಲ್ಲ ಸಾರ್ವತ್ರಿಕ ಮುಷ್ಕರ, ರೈಲುಗಳು ನಿಂತುಹೋಗಿದ್ದವು. ಫ್ರಾನ್ಸಿನಿಂದ ಹಡಗಿನಲ್ಲಿ ಬಂದಿಳಿದ ಹದಿಮೂರು ವರ್ಷದ ಬಾಲಕನು ಸೌತಾಂಪ್ಟನ್ ಬಂದರಿನಿಂದ ಸುಮಾರು 60 ಮೈಲಿ ಸೈಕಲ್ ತುಳಿದು, ನಡುವೆ ಒಂದು ರಾತ್ರಿ ವಸತಿಗೃಹದಲ್ಲಿ ತಂಗಿ, ಶಾಲೆಯನ್ನು ಮುಟ್ಟಿದನು. ಆ ಶಾಲೆಯಾದರೋ ಅವನಿಗೆ ಒಗ್ಗಲಿಲ್ಲ. ಬರವಣಿಗೆ ಕೊಳಕು, ಇಂಗ್ಲಿಷಿನಲ್ಲಿ ತರಗತಿಯ ತಳ, ಲ್ಯಾಟಿನ್ ಎಂದರೆ ಉದಾಸೀನ ಎಂದು ಅಧ್ಯಾಪಕರು ಷರಾ ಬರೆದರು. ಅದೇ ಹುಡುಗನು ಕಲನಶಾಸ್ತ್ರವನ್ನು ಕಲಿಯುವುದಕ್ಕೆ ಮೊದಲೇ ವಿಲೋಮ ಸ್ಪರ್ಶಕದ ಅನಂತಶ್ರೇಣಿಯನ್ನು ಸ್ವಂತ ಬುದ್ಧಿಯಿಂದ ಪಡೆದಿದ್ದನು. ಆ ಶ್ರೇಣಿಯನ್ನು ಕೇರಳದ ಸಂಗಮಗ್ರಾಮದ ಮಾಧವನು ಶತಮಾನಗಳ ಹಿಂದೆಯೇ ಕಂಡಿದ್ದನೆಂಬುದು ಬೇರೆಯ ಮಾತು. ಉತ್ತರಪತ್ರಿಕೆಯ ಅಂದವನ್ನು ನೋಡಿ ಅಂಕ ಕೊಡುವ ನಮ್ಮಂಥ ಉಪಾಧ್ಯಾಯರು ಈ ಷರಾಗಳನ್ನು ವರ್ಷಕ್ಕೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆ ಶಾಲೆಯಲ್ಲಿ ಅವನಿಗೆ ದೊರೆತ ಒಬ್ಬನೇ ಆಪ್ತನೆಂದರೆ ಒಂದು ತರಗತಿ ಮುಂದಿದ್ದ ಕ್ರಿಸ್ಟೋಫರ್ ಮಾರ್ಕಮ್. ನಕ್ಷತ್ರಗಳು, ರಸಾಯನ, ಗಣಿತ ಇವುಗಳ ಮಾತಿನಲ್ಲಿ ಇಬ್ಬರಿಗೂ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. 1930ರ ಫೆಬ್ರವರಿ 13ರಂದು ಮಾರ್ಕಮ್ ಕ್ಷಯರೋಗದಿಂದ ತೀರಿಕೊಂಡನು. ಗೆಳೆಯನ ತಾಯಿಗೆ ಟ್ಯೂರಿಂಗ್ ವರ್ಷಗಟ್ಟಲೆ ಪತ್ರ ಬರೆದನು. ಸತ್ತ ಮೇಲೆ ಮನಸ್ಸು ಎಲ್ಲಿಗೆ ಹೋಗುತ್ತದೆ, ದೇಹವೆಂಬ ಯಂತ್ರಕ್ಕೂ ಮನಸ್ಸಿಗೂ ಸಂಬಂಧವೇನು ಎಂಬ ಪ್ರಶ್ನೆ ಅವನಲ್ಲಿ ಬೇರೂರಿದ್ದು ಆ ದುಃಖದಲ್ಲಿ.

1931ರಲ್ಲಿ ಕೇಂಬ್ರಿಜಿನ ಕಿಂಗ್ಸ್ ಕಾಲೇಜಿಗೆ ಸೇರಿ, 1934ರಲ್ಲಿ ಪ್ರಥಮ ಶ್ರೇಣಿಯಲ್ಲಿ ಉತ್ತೀರ್ಣನಾಗಿ, 22ನೆಯ ವಯಸ್ಸಿಗೇ ಅಲ್ಲಿಯ ಫೆಲೋ ಆಗಿ ಆರಿಸಲ್ಪಟ್ಟನು. 1935ರಲ್ಲಿ ಮ್ಯಾಕ್ಸ್ ನ್ಯೂಮನ್ನನ ಉಪನ್ಯಾಸಗಳಲ್ಲಿ ಜರ್ಮನ್ ಗಣಿತಜ್ಞ ಹಿಲ್ಬರ್ಟನ ಒಂದು ಪ್ರಶ್ನೆಯನ್ನು ಕೇಳಿದನು. ಯಾವುದೇ ಗಣಿತ ಹೇಳಿಕೆಯನ್ನು ಕೊಟ್ಟರೂ ಅದನ್ನು ಸಾಧಿಸಬಹುದೇ ಇಲ್ಲವೇ ಎಂದು ಗೊತ್ತುಪಡಿಸಿದ ಕ್ರಮದಿಂದ ತೀರ್ಮಾನಿಸಬಲ್ಲ ಸಾರ್ವತ್ರಿಕ ವಿಧಾನವೊಂದುಂಟೇ ಎಂಬುದು ಆ ಪ್ರಶ್ನೆ. ಮೊದಲು ಕ್ರಮ ಎಂದರೇನೆಂಬುದನ್ನೇ ಖಚಿತಪಡಿಸಬೇಕೆಂದು ಟ್ಯೂರಿಂಗ್ ಹೊರಟನು. ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಮಾಡುವ ಗುಮಾಸ್ತನೊಬ್ಬನು ಒಂದೊಂದು ಕ್ಷಣದಲ್ಲಿ ಏನು ಮಾಡುತ್ತಾನೆ? ಒಂದು ಚಿಹ್ನೆಯನ್ನು ನೋಡುತ್ತಾನೆ, ಅಳಿಸುತ್ತಾನೆ ಅಥವಾ ಬರೆಯುತ್ತಾನೆ, ಪಕ್ಕದ ಮನೆಗೆ ಸರಿಯುತ್ತಾನೆ, ಮುಂದೇನೆಂಬುದನ್ನು ನೆನಪಿಟ್ಟುಕೊಳ್ಳುತ್ತಾನೆ. ಇಷ್ಟನ್ನೇ ಮಾಡುವ, ಚೌಕಚೌಕವಾದ ಉದ್ದನೆಯ ಪಟ್ಟಿಯ ಮೇಲೆ ಓಡಾಡುವ ಯಂತ್ರವೊಂದನ್ನು ಆತನು ಕಲ್ಪಿಸಿದನು. ಅಷ್ಟೇ ಅಲ್ಲ, ಬೇರೆ ಯಾವ ಯಂತ್ರದ ವಿವರಣೆಯನ್ನು ಪಟ್ಟಿಯ ಮೇಲೆ ಬರೆದು ಕೊಟ್ಟರೂ ಅದರಂತೆಯೇ ನಡೆಯುವ ಸಾರ್ವತ್ರಿಕ ಯಂತ್ರವೊಂದು ಸಾಧ್ಯವೆಂದು ತೋರಿಸಿದನು. ಇಂದಿನ ಗಣಕಯಂತ್ರಗಳೆಲ್ಲವೂ ಆ ಕಲ್ಪನೆಯ ಸಂತಾನ.

1936ರಲ್ಲಿ ಮುದ್ರಣಕ್ಕೆ ಹೋದ ಆ ಪ್ರಬಂಧದ ತೀರ್ಮಾನವು ಇದಕ್ಕಿಂತ ಗಹನವಾದುದು. ಇಂದು ನಿಲುಗಡೆಯ ಸಮಸ್ಯೆ ಎಂದು ಕರೆಯುವ ರೂಪದಲ್ಲಿ ಅದನ್ನು ಹೀಗೆ ಹೇಳಬಹುದು. ಯಾವುದೇ ಯಂತ್ರದ ವಿವರಣೆಯನ್ನು ನೋಡಿ ಅದು ಎಂದಾದರೂ ನಿಲ್ಲುವುದೋ ಅಥವಾ ಅನಂತವಾಗಿ ಓಡುತ್ತಲೇ ಇರುವುದೋ ಎಂದು ತಪ್ಪದೆ ಹೇಳುವ ಪರೀಕ್ಷಕ ಯಂತ್ರವೊಂದು ಇದೆಯೆಂದು ಇಟ್ಟುಕೊಳ್ಳೋಣ. ಅದನ್ನು ಹೊಟ್ಟೆಯೊಳಗಿಟ್ಟುಕೊಂಡು, ನಿಲ್ಲುವುದೆಂಬ ತೀರ್ಪು ಬಂದರೆ ಓಡುವ, ಓಡುವುದೆಂದರೆ ನಿಲ್ಲುವ ತಲೆಹರಟೆ ಯಂತ್ರವೊಂದನ್ನು ಕಟ್ಟಬಹುದು. ಆ ಯಂತ್ರದ ಮುಂದೆ ಅದರದೇ ವಿವರಣೆಯನ್ನು ಇಟ್ಟರೆ ಪರೀಕ್ಷಕನು ಏನು ಹೇಳಿದರೂ ಸುಳ್ಳಾಗುತ್ತದೆ. ಆದ್ದರಿಂದ ಅಂತಹ ಪರೀಕ್ಷಕನು ಇರಲಾರನು. ಅಮೆರಿಕೆಯ ಅಲಾಂಜೊ ಚರ್ಚನು ಬೇರೊಂದು ದಾರಿಯಿಂದ ಇದೇ ಫಲವನ್ನು ತುಸು ಮೊದಲೇ ಮುಟ್ಟಿದ್ದನು. ಟ್ಯೂರಿಂಗ್ ಪ್ರಿನ್ಸ್‌ಟನ್ನಿಗೆ ಹೋಗಿ ಆತನ ಕೈಕೆಳಗೆ 1938ರಲ್ಲಿ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದನು.

1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಮರುದಿನವೇ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ತೋಟದ ಬಂಗಲೆಯಲ್ಲಿ ಗೂಢಲಿಪಿಯನ್ನು ಒಡೆಯುವ ಕೆಲಸಕ್ಕೆ ಹಾಜರಾದನು. ಜರ್ಮನರು ತಮ್ಮ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದಿಂದ ಮರೆಮಾಡುತ್ತಿದ್ದರು. ಒಂದು ಅಕ್ಷರದ ಗುಂಡಿಯನ್ನು ಒತ್ತಿದರೆ, ತಿರುಗುವ ಗಾಲಿಗಳ ಒಳತಂತಿಗಳನ್ನು ಹಾದು, ಬೇರೊಂದು ಅಕ್ಷರದ ದೀಪ ಹತ್ತಿಕೊಳ್ಳುವುದು. ಒತ್ತಿದಾಗಲೆಲ್ಲ ಗಾಲಿ ಸರಿದು ದಾರಿ ಬದಲಾಗುವುದು. ಗಾಲಿಗಳ ಆಯ್ಕೆ, ಅವುಗಳ ಸ್ಥಾನ, ಮುಂಭಾಗದ ತಂತಿಗಳ ಜೋಡಣೆ ಇವೆಲ್ಲ ಕೂಡಿ ಕೀಲಿಕೈಗಳ ಸಂಖ್ಯೆಯು 159ರ ಮುಂದೆ 18 ಸೊನ್ನೆಗಳನ್ನು ಇಟ್ಟಷ್ಟಾಗುತ್ತಿತ್ತು. ಆ ಕೀಲಿಕೈಯೂ ದಿನದಿನಕ್ಕೆ ಬದಲು. ಈ ಕೋಟೆಗೆ ಮೊದಲು ಕನ್ನವಿಟ್ಟವರು ಆಂಗ್ಲರಲ್ಲ. ಪೋಲೆಂಡಿನ ಮೂವರು ತರುಣ ಗಣಿತಜ್ಞರು, ರೆಯೆವ್‌ಸ್ಕಿ, ರುಜಿಟ್ಸ್ಕಿ, ಝಿಗಾಲ್ಸ್ಕಿ, 1932ರ ಕೊನೆಯಿಂದಲೇ ಅದನ್ನು ಭೇದಿಸಿದ್ದರು. 1939ರ ಜುಲೈ ತಿಂಗಳಲ್ಲಿ ತಮ್ಮ ವಿದ್ಯೆಯನ್ನೆಲ್ಲ ಬ್ರಿಟನ್, ಫ್ರಾನ್ಸ್‌ಗಳಿಗೆ ಧಾರೆಯೆರೆದರು. ಟ್ಯೂರಿಂಗನ ಕೀರ್ತಿಯನ್ನು ಹಾಡುವವರು ಈ ಮೂವರನ್ನು ಮರೆಯುವುದು ನ್ಯಾಯವಲ್ಲ.

ಟ್ಯೂರಿಂಗ್ ಹಿಡಿದ ದಾರಿ ಬೇರೆ. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ತಾನಾಗಿ ಹೊರಬೀಳದು. ಅದೇ ಅದರ ದೌರ್ಬಲ್ಯ. ಸಂದೇಶದಲ್ಲಿ ಇರಲೇಬೇಕಾದ ಹವಾಮಾನ ವರದಿಯಂಥ ಮಾತೊಂದನ್ನು ಊಹಿಸಿ, ಗೂಢಾಕ್ಷರಗಳ ಕೆಳಗೆ ಹೊಂದಿಸಿ, ಆ ಊಹೆಗೆ ವಿರುದ್ಧವಾದ ಜೋಡಣೆಗಳನ್ನೆಲ್ಲ ವಿದ್ಯುತ್ತಿನ ವೇಗದಿಂದ ತಳ್ಳಿಹಾಕುವ ಯಂತ್ರವನ್ನು ಆತನು ರಚಿಸಿದನು. ಬಾಂಬ್ ಎಂದು ಕರೆಯಲಾದ ಅದರ ಮೊದಲನೆಯ ಮಾದರಿಯು 1940ರ ಮಾರ್ಚಿಯಲ್ಲಿ ಬಂದು ನೆಲೆಗೊಂಡಿತು. ಗಾರ್ಡನ್ ವೆಲ್ಚ್‌ಮನ್ನನ ಒಂದು ಸುಧಾರಣೆಯಿಂದ ಅದರ ಬಲ ಹಲವು ಪಟ್ಟು ಹೆಚ್ಚಿತು. ಯುದ್ಧದ ಕೊನೆಗೆ ಇಂತಹ 200ಕ್ಕೂ ಹೆಚ್ಚು ಯಂತ್ರಗಳು ಹಗಲಿರುಳೂ ತಿರುಗುತ್ತಿದ್ದವು. ಅವುಗಳನ್ನು ನಡೆಸಿದವರಲ್ಲಿ ಬಹುಪಾಲು ನೌಕಾಸೇನೆಯ ತರುಣಿಯರು.

ನೌಕಾಸೇನೆಯ ಎನಿಗ್ಮಾ ಎಲ್ಲಕ್ಕಿಂತ ಕಠಿಣವಾದುದು. ಅದನ್ನು ಯಾರೂ ಮುಟ್ಟಲು ಒಪ್ಪದಿದ್ದಾಗ ಟ್ಯೂರಿಂಗ್ ತಾನಾಗಿ ಕೈಗೆತ್ತಿಕೊಂಡನು. ಅದಕ್ಕಾಗಿ ಆತನು ಕಂಡುಕೊಂಡ ವಿಧಾನವೇ ಯಂತ್ರಕಲಿಕೆಯ ದೃಷ್ಟಿಯಿಂದ ನಮಗೆ ಮುಖ್ಯ. ಎರಡು ಸಂದೇಶಗಳನ್ನು ಉದ್ದನೆಯ ಹಾಳೆಗಳ ಮೇಲೆ ತೂತುಗಳಾಗಿ ಕೊರೆದು, ಒಂದರ ಮೇಲೊಂದಿಟ್ಟು ಸರಿಸುತ್ತ, ಅಕ್ಷರಗಳು ಎಲ್ಲೆಲ್ಲಿ ಕೂಡುತ್ತವೆಂದು ಎಣಿಸುವುದು. ಒಂದು ಹೊಂದಾಣಿಕೆಯಿಂದ ಏನೂ ಸಿದ್ಧವಾಗದು. ಆದರೆ ಒಂದೊಂದು ಹೊಂದಾಣಿಕೆಗೂ ಇಷ್ಟೆಂದು ತೂಕ ಕಟ್ಟಿ, ಹೊಂದದಿದ್ದುದಕ್ಕೂ ಇಷ್ಟೆಂದು ಕಳೆದು, ಕೂಡುತ್ತ ಹೋದರೆ ಒಂದು ಹಂತದಲ್ಲಿ ತಕ್ಕಡಿ ಒಂದು ಕಡೆಗೆ ವಾಲುವುದು. ಸಾಕ್ಷ್ಯವನ್ನು ತೂಗುವ ಈ ಅಳತೆಗೆ ಆತನು ಬಾನ್ ಎಂಬ ಮಾನವನ್ನೇ ಮಾಡಿದನು. ಹಾಳೆಗಳು ಬ್ಯಾನ್‌ಬರಿ ಊರಿನಲ್ಲಿ ಅಚ್ಚಾಗುತ್ತಿದ್ದುದೇ ಆ ಹೆಸರಿಗೆ ಕಾರಣ. ಪೂರ್ಣ ಪ್ರಮಾಣ ದೊರೆಯದ ಕಡೆ ಅರೆಬರೆ ಸಾಕ್ಷ್ಯಗಳನ್ನು ಕೂಡಿ ನಿರ್ಣಯಕ್ಕೆ ಬರುವುದು. ಇಂದಿನ ಯಂತ್ರಕಲಿಕೆಯ ಬಹುಭಾಗ ನಿಂತಿರುವುದು ಈ ನೆಲಗಟ್ಟಿನ ಮೇಲೆಯೇ. ಜರ್ಮನ್ ಹಡಗುಗಳಿಂದ ವಶಪಡಿಸಿಕೊಂಡ ಕೀಲಿಪಟ್ಟಿಗಳ ನೆರವೂ ಸೇರಿ, 1941ರ ಬೇಸಗೆಯ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಜಲಾಂತರ್ಗಾಮಿಗಳ ಸಂದೇಶಗಳು ನಿಯತವಾಗಿ ಓದಲ್ಪಡತೊಡಗಿದವು. ಆಹಾರ ಹೊತ್ತ ನೌಕಾಸಾಲುಗಳನ್ನು ಅಪಾಯದಿಂದ ಬೇರೆಡೆಗೆ ತಿರುಗಿಸಲು ಸಾಧ್ಯವಾಯಿತು. 1942ರ ಫೆಬ್ರವರಿಯಲ್ಲಿ ಜರ್ಮನರು ನಾಲ್ಕನೆಯ ಗಾಲಿಯನ್ನು ಸೇರಿಸಿದಾಗ ಹತ್ತು ತಿಂಗಳು ಮತ್ತೆ ಕತ್ತಲೆ ಕವಿಯಿತು. ಆಗ ಮುಳುಗಿದ ಹಡಗುಗಳನ್ನು ನೆನೆದರೆ ಈ ಕಾಗದದ ಮೇಲಣ ಎಣಿಕೆಗೆ ಎಷ್ಟು ಬೆಲೆಯಿತ್ತೆಂಬುದು ಮನದಟ್ಟಾಗುವುದು.

ಮನುಷ್ಯನಾಗಿ ಆತನು ವಿಚಿತ್ರ ಸ್ವಭಾವದವನು. ಹೂಪರಾಗದಿಂದ ಸೀನು ಬರುವುದೆಂದು ಅನಿಲ ಮುಖವಾಡ ತೊಟ್ಟು ಸೈಕಲ್ ತುಳಿಯುತ್ತಿದ್ದನು. ಸೈಕಲ್ಲಿನ ಸರಪಳಿ ಆಗಾಗ ಕಳಚುತ್ತಿದ್ದುದನ್ನು ರಿಪೇರಿ ಮಾಡಿಸದೆ, ಎಷ್ಟು ಸುತ್ತಿಗೊಮ್ಮೆ ಕಳಚುವುದೆಂದು ಎಣಿಸಿಟ್ಟುಕೊಂಡು ಸರಿಯಾಗಿ ಅದಕ್ಕೆ ಮುಂಚೆ ಇಳಿಯುತ್ತಿದ್ದನು. ಶತ್ರು ದಾಳಿಯಾದರೆ ಹಣಕ್ಕೆ ಬೆಲೆಯಿರದೆಂದು ಬೆಳ್ಳಿಯ ಗಟ್ಟಿಗಳನ್ನು ಕೊಂಡು ಕಾಡಿನಲ್ಲಿ ಹೂತಿಟ್ಟನು; ಯುದ್ಧ ಮುಗಿದ ಮೇಲೆ ಎಷ್ಟು ಹುಡುಕಿದರೂ ಜಾಗ ಸಿಕ್ಕಲಿಲ್ಲ. ಜರ್ಮನರ ಗುಟ್ಟನ್ನೆಲ್ಲ ಬಿಡಿಸಿದವನಿಗೆ ತನ್ನ ಗುಟ್ಟು ದಕ್ಕಲಿಲ್ಲ. ಕೀಲಿಕೈ ಕಳೆದುಕೊಂಡು ಬಿಟ್‌ಕಾಯಿನ್ ಸಂಪತ್ತನ್ನು ಶಾಶ್ವತವಾಗಿ ನೀಗಿಕೊಂಡವರ ಸುದ್ದಿಯನ್ನು ಇಂದು ಓದುವಾಗ ನನಗೆ ಆ ಬೆಳ್ಳಿಯ ನೆನಪಾಗುತ್ತದೆ.

1943ರ ಆರಂಭದಲ್ಲಿ ಆತನು ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿದ್ದಾಗ ಕ್ಲಾಡ್ ಶಾನನ್ನನ ಭೇಟಿಯಾಯಿತು. ಇಬ್ಬರೂ ಗೂಢಲಿಪಿಯ ಕೆಲಸದಲ್ಲಿದ್ದವರು. ಅದರ ಬಗ್ಗೆ ಪರಸ್ಪರ ಬಾಯಿಬಿಡುವಂತಿರಲಿಲ್ಲ. ಆದುದರಿಂದ ಚಹಾದ ವೇಳೆಯಲ್ಲಿ ಯಂತ್ರವು ಯೋಚಿಸಬಲ್ಲುದೇ ಎಂಬ ವಿಚಾರವನ್ನು ಮಾತಾಡಿಕೊಂಡರು. ಯುದ್ಧಾನಂತರ ಲಂಡನ್ನಿನ ರಾಷ್ಟ್ರೀಯ ಭೌತ ಪ್ರಯೋಗಶಾಲೆಗೆ ಸೇರಿ ಗಣಕಯಂತ್ರವೊಂದರ ಪೂರ್ಣ ನಕ್ಷೆಯನ್ನು ಟ್ಯೂರಿಂಗ್ ಸಿದ್ಧಪಡಿಸಿದನು. ಯಂತ್ರ ಮೇಲೇಳುವುದು ತಡವಾಯಿತು, ಆತನು ಬೇಸತ್ತನು. ಆ ಬೇಸರವನ್ನು ಓಟದಲ್ಲಿ ಕಳೆಯುತ್ತಿದ್ದನೋ ಏನೋ, 1947ರ ಮ್ಯಾರಥಾನ್ ಸ್ಪರ್ಧೆಯಲ್ಲಿ 2 ಗಂಟೆ 46 ನಿಮಿಷಗಳಲ್ಲಿ ಓಡಿ ಐದನೆಯವನಾದನು.

ಅದೇ ವರ್ಷ ಲಂಡನ್ ಗಣಿತ ಸಂಘದ ಮುಂದೆ ಮಾಡಿದ ಭಾಷಣದಲ್ಲಿ, ಅನುಭವದಿಂದ ಕಲಿಯಬಲ್ಲ ಯಂತ್ರವೇ ನಮಗೆ ಬೇಕಾದುದು ಎಂಬ ವಿಚಾರವನ್ನು ಆತನು ಮಂಡಿಸಿದನು. 1948ರ ವರದಿಯಲ್ಲಿ ಇನ್ನೂ ಮುಂದೆ ಹೋಗಿ, ಯಾವ ವ್ಯವಸ್ಥೆಯೂ ಇಲ್ಲದಂತೆ ಹೆಣೆದ ಸರಳ ಘಟಕಗಳ ಜಾಲವನ್ನು ಶಿಕ್ಷಣದಿಂದ ತಿದ್ದಬಹುದೆಂದು ವಿವರಿಸಿದನು. ಮೇಲಧಿಕಾರಿಗೆ ಅದು ಶಾಲಾ ಬಾಲಕನ ಪ್ರಬಂಧದಂತೆ ಕಂಡಿತು. ಅದು ಅಚ್ಚಾದದ್ದು 1968ರಲ್ಲಿ, ಆತನು ಗತಿಸಿ 14 ವರ್ಷಗಳಾದ ಮೇಲೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದ ಬಳಿಕ 1950ರಲ್ಲಿ ಮೈಂಡ್ ಎಂಬ ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ಆತನು ಬರೆದ ಲೇಖನವು ಜಗತ್ಪ್ರಸಿದ್ಧ. ಮರೆಯಲ್ಲಿದ್ದು ಬರಹದ ಮೂಲಕ ಉತ್ತರಿಸುವವನು ಮನುಷ್ಯನೋ ಯಂತ್ರವೋ ಎಂದು ಪ್ರಶ್ನಿಸುವವನು ಗುರುತಿಸಲಾರದೆ ಹೋದರೆ, ಆ ಯಂತ್ರಕ್ಕೆ ಬುದ್ಧಿಯಿಲ್ಲವೆನ್ನಲು ನಮಗೆ ಆಧಾರವೇನು ಎಂಬುದು ಅಲ್ಲಿಯ ಪೂರ್ವಪಕ್ಷ. ಎಲ್ಲರೂ ಅಷ್ಟನ್ನು ಓದಿ ಪುಸ್ತಕ ಮುಚ್ಚುತ್ತಾರೆ. ಆದರೆ ಕೊನೆಯ ಭಾಗವೇ ನನಗೆ ಹೆಚ್ಚು ರುಚಿಸಿದ್ದು. ಪ್ರೌಢನ ಬುದ್ಧಿಯನ್ನು ನೇರವಾಗಿ ಕಟ್ಟುವ ಬದಲು ಮಗುವಿನ ಬುದ್ಧಿಯಂಥ ಯಂತ್ರವನ್ನು ಕಟ್ಟಿ, ಅದಕ್ಕೆ ಪಾಠ ಹೇಳಿ, ಸರಿಯಾದಾಗ ಬಹುಮಾನವನ್ನೂ ತಪ್ಪಿದಾಗ ಶಿಕ್ಷೆಯನ್ನೂ ಕೊಟ್ಟು ಬೆಳೆಸಬೇಕೆಂದು ಆತನು ಅಲ್ಲಿ ಹೇಳುತ್ತಾನೆ. ತಪ್ಪು ಮಾಡಲಾರದ ಯಂತ್ರವು ಕಲಿಯಲೂ ಆರದು ಎಂಬುದು ಆತನ ನಿಲುವು. ಹಾಗೆ ಕಲಿತ ಯಂತ್ರದ ಒಳಗೆ ಏನು ನಡೆಯುತ್ತಿದೆಯೆಂಬುದು ಕಲಿಸಿದ ಗುರುವಿಗೇ ಸ್ಪಷ್ಟವಾಗಿ ತಿಳಿಯದೆಂದೂ ಆಗಲೇ ಎಚ್ಚರಿಸಿದ್ದನು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ನಮ್ಮ ಕಾಲಕ್ಕೆ ಬರಬೇಕು. ಬ್ಲಾಕ್‌ಚೈನ್ ಎಂಬುದು ಸಾವಿರಾರು ಕಡೆ ಏಕಕಾಲದಲ್ಲಿ ಇಡಲಾದ ಕೀರ್ದಿ ಪುಸ್ತಕ. ಪ್ರತಿ ಪುಟದಲ್ಲಿಯೂ ಹಿಂದಿನ ಪುಟದ ಬೆರಳಚ್ಚಿನಂಥ ಒಂದು ಸಂಖ್ಯೆ ಇರುವುದರಿಂದ, ಹಳೆಯ ಪುಟವನ್ನು ತಿದ್ದಿದರೆ ಮುಂದಿನವೆಲ್ಲ ತಾಳೆ ತಪ್ಪುವುವು. 2009ರಲ್ಲಿ ಬಿಟ್‌ಕಾಯಿನ್ ಹೀಗೆ ಆರಂಭವಾಯಿತು. 2015ರಲ್ಲಿ ಬಂದ ಇಥೀರಿಯಂ ಆ ಕೀರ್ದಿಯೊಳಗೆ ತಾವಾಗಿಯೇ ಜಾರಿಗೊಳ್ಳುವ ಕರಾರುಗಳನ್ನು ಬರೆಯಲು ಅವಕಾಶ ಕೊಟ್ಟಿತು. ಆ ಕರಾರಿನ ಭಾಷೆಯು ಟ್ಯೂರಿಂಗನ ಸಾರ್ವತ್ರಿಕ ಯಂತ್ರಕ್ಕೆ ಸಮಬಲವುಳ್ಳದ್ದು. ಹಾಗಿದ್ದ ಮೇಲೆ 1936ರ ತೀರ್ಮಾನದಿಂದ ಅದಕ್ಕೆ ಬಿಡುಗಡೆಯಿಲ್ಲ. ಒಂದು ಕರಾರು ಎಂದಾದರೂ ನಿಲ್ಲುವುದೇ ಎಂದು ಮೊದಲೇ ಹೇಳಲಾಗದುದರಿಂದ, ಹೆಜ್ಜೆಹೆಜ್ಜೆಗೂ ಗ್ಯಾಸ್ ಎಂಬ ಸುಂಕ ವಿಧಿಸಿ, ಸುಂಕದ ಹಣ ಮುಗಿದೊಡನೆ ಓಟವನ್ನು ನಿಲ್ಲಿಸುವ ಏರ್ಪಾಡನ್ನು ಮಾಡಬೇಕಾಯಿತು. 2016ರ ಜೂನ್ 17ರಂದು ದಿ ಡಿಎಒ ಎಂಬ ಸಾಮೂಹಿಕ ನಿಧಿಯಿಂದ 36 ಲಕ್ಷಕ್ಕೂ ಹೆಚ್ಚು ಈಥರ್ ನಾಣ್ಯಗಳು ಬೇರೆಯವರ ಪಾಲಾದವು. ಆ ನಿಧಿಯ ಕರಾರು ಮೊದಲು ಹಣ ಕೊಟ್ಟು ಅನಂತರ ಲೆಕ್ಕದಲ್ಲಿ ಕಳೆಯುತ್ತಿತ್ತು. ಗುಮಾಸ್ತನು ಪುಸ್ತಕ ಬರೆಯುವ ಮೊದಲೇ ಅದೇ ಗಿರಾಕಿ ಮತ್ತೆ ಮತ್ತೆ ಕೈಯೊಡ್ಡಿದಂತಾಯಿತು ಅದು.

ಯಾವುದೇ ಕರಾರನ್ನು ಕೊಟ್ಟರೂ ಅದರಲ್ಲಿ ಇಂತಹ ಬಿರುಕಿದೆಯೇ ಎಂದು ತಪ್ಪದೆ ಹೇಳುವ ಸಾರ್ವತ್ರಿಕ ಪರೀಕ್ಷಕನಿಲ್ಲ. ಉಳಿಯುವುದು ಎರಡು ದಾರಿ. ಎರಡೂ ಟ್ಯೂರಿಂಗ್ ತುಳಿದವೇ. ಒಂದು, ಈ ಒಂದು ಕರಾರಿಗೆ ಮಾತ್ರ ಹೆಜ್ಜೆಹೆಜ್ಜೆಗೆ ಸಾಧನೆ ಬರೆಯುವುದು. 1949ರ ಜೂನಿನಲ್ಲಿ ಕೇಂಬ್ರಿಜಿನಲ್ಲಿ ಓದಿದ ಮೂರು ಪುಟದ ಪ್ರಬಂಧದಲ್ಲಿ, ದೊಡ್ಡ ಲೆಕ್ಕವಿಧಿಯೊಂದನ್ನು ತಾಳೆನೋಡುವ ಬಗೆಯನ್ನು ಆತನು ತೋರಿಸಿದ್ದನು. ಉದ್ದನೆಯ ಕೂಡಿಕೆಯ ದಶಕಗಳನ್ನು ಬೇರೆಯಾಗಿ ಬರೆದಿಟ್ಟರೆ ತಪಾಸಣೆ ಹೇಗೆ ಸುಲಭವೋ, ಹಾಗೆಯೇ ನಡುನಡುವೆ ನಿಜವಾಗಿರಬೇಕಾದ ಹೇಳಿಕೆಗಳನ್ನು ಬರೆದಿಡುವುದು. ಇನ್ನೊಂದು, ಸಾಕ್ಷ್ಯವನ್ನು ತೂಗುವುದು. ದೋಷವಿದ್ದ ಮತ್ತು ಇಲ್ಲದ ಸಾವಿರಾರು ಕರಾರುಗಳನ್ನು ಯಂತ್ರಕ್ಕೆ ಪಾಠವಾಗಿ ಕೊಟ್ಟು, ಹೊಸದನ್ನು ಕಂಡಾಗ ಇದು ಶಂಕಾಸ್ಪದವೆಂದು ಬೆರಳು ತೋರಿಸುವಂತೆ ಬೆಳೆಸುವ ಸಂಶೋಧನೆ ಇಂದು ಹಲವೆಡೆ ನಡೆದಿದೆ. ಇದರಿಂದ ಬೇಗ ಫಲ ದೊರೆಯುವುದು ನಿಜ, ಪ್ರಮಾಣ ದೊರೆಯದು. ಕಳ್ಳನೂ ಅಷ್ಟೇ ಶ್ರದ್ಧೆಯಿಂದ ಅದೇ ಪಾಠವನ್ನು ಓದಿ, ಕಾವಲು ಯಂತ್ರದ ಕಣ್ಣು ತಪ್ಪುವಂತೆ ಕರಾರಿನ ವೇಷವನ್ನು ತುಸು ಬದಲಿಸುತ್ತಾನೆ. ಪಾಠದ ರಾಶಿಯೊಳಗೇ ವಿಷ ಬೆರೆಸುವವರೂ ಉಂಟು. ಈ ಎರಡು ದಾರಿಗಳಲ್ಲಿ ಒಂದನ್ನು ಬಿಟ್ಟು ಒಂದನ್ನೇ ನೆಚ್ಚುವವರನ್ನು ಕಂಡರೆ ನನಗೆ ಸಂಶಯ.

ಇನ್ನು ಆತನ ಕೊನೆಯ ದಿನಗಳು. 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. ಪ್ರಾಣಿಗಳ ಚರ್ಮದ ಮೇಲಣ ಚುಕ್ಕೆ ಪಟ್ಟೆಗಳು ರಾಸಾಯನಿಕ ಕ್ರಿಯೆಯಿಂದ ಹೇಗೆ ಮೂಡಬಹುದೆಂಬುದಕ್ಕೆ 1952ರಲ್ಲಿ ಗಣಿತವನ್ನು ಕೊಟ್ಟನು. ಅದೇ ವರ್ಷದ ಜನವರಿಯಲ್ಲಿ ಆತನ ಮನೆಯಲ್ಲಿ ಕಳವಾಯಿತು. ದೂರು ಕೊಡಲು ಹೋದವನ ವಿಚಾರಣೆಯಲ್ಲಿ, ಇನ್ನೊಬ್ಬ ಪುರುಷನೊಡನೆ ಆತನಿಗಿದ್ದ ಸಂಬಂಧ ಹೊರಬಿದ್ದಿತು. ಆತನು ಅದನ್ನು ಮುಚ್ಚಿಡಲಿಲ್ಲ. 1885ರ ಕಾನೂನಿನಂತೆ ಅದು ಅಪರಾಧ. ಮಾರ್ಚ್ 31ರಂದು ನ್ಯಾಯಾಲಯದಲ್ಲಿ ಬ್ಲೆಚ್ಲಿಯ ಜೊತೆಗಾರ ಹ್ಯೂ ಅಲೆಕ್ಸಾಂಡರ್ ಮತ್ತು ಗುರು ನ್ಯೂಮನ್ ಆತನ ಪರವಾಗಿ ಸಾಕ್ಷಿ ನುಡಿದರು. ಆದರೆ ಈತನು ದೇಶಕ್ಕೆ ಏನು ಮಾಡಿದ್ದನೆಂಬುದನ್ನು ಬಿಚ್ಚಿ ಹೇಳಲು ಗೋಪ್ಯದ ಪ್ರತಿಜ್ಞೆ ಅಡ್ಡ ಬಂದಿತು. ಸೆರೆಮನೆಗೆ ಬದಲಾಗಿ ಒಂದು ವರ್ಷ ಹಾರ್ಮೋನು ಚಿಕಿತ್ಸೆಗೆ ಒಳಗಾಗಬೇಕೆಂಬ ಷರತ್ತನ್ನು ಆತನು ಒಪ್ಪಿಕೊಂಡನು. ದೇಹ ಕೆಟ್ಟಿತು, ಸರ್ಕಾರದ ಗೂಢಲಿಪಿಯ ಕೆಲಸದಿಂದಲೂ ಹೊರಗಾದನು. ತನ್ನ ಗುಟ್ಟುಗಳನ್ನು ಕಾದವನನ್ನು ರಾಜ್ಯವು ಹೀಗೆ ನಡೆಸಿಕೊಂಡಿತು.

1954ರ ಜೂನ್ 7ರಂದು ವಿಲ್ಮ್‌ಸ್ಲೋ ಊರಿನ ಮನೆಯಲ್ಲಿ ಸಯನೈಡ್ ವಿಷದಿಂದ ಆತನು ಮರಣ ಹೊಂದಿದನು. ವಯಸ್ಸು 41. ಹಾಸಿಗೆಯ ಪಕ್ಕದಲ್ಲಿ ಅರ್ಧ ತಿಂದ ಸೇಬು ಇದ್ದಿತು. ಆತ್ಮಹತ್ಯೆಯೆಂದು ವಿಚಾರಣೆಯ ತೀರ್ಪು. ಮನೆಯಲ್ಲಿ ನಡೆಸುತ್ತಿದ್ದ ಪ್ರಯೋಗದ ರಸಾಯನ ಅಜಾಗರೂಕತೆಯಿಂದ ಕೈಗೆ ತಗಲಿದ್ದೆಂದು ತಾಯಿಯ ನಂಬಿಕೆ. ಆಕೆ 1959ರಲ್ಲಿ ಮಗನ ಜೀವನ ಚರಿತ್ರೆಯನ್ನು ಬರೆದು ಪ್ರಕಟಿಸಿದಾಗ, ಯುದ್ಧಕಾಲದಲ್ಲಿ ಅವನು ಏನು ಮಾಡಿದನೆಂಬುದನ್ನು ಬರೆಯಲು ಆಕೆಗೆ ದಾರಿಯಿರಲಿಲ್ಲ. ಬ್ಲೆಚ್ಲಿಯ ಕೆಲಸ ಲೋಕಕ್ಕೆ ತಿಳಿಯತೊಡಗಿದ್ದು 1974ರಿಂದ ಈಚೆಗೆ. ಬ್ರಿಟನ್ನಿನ ಪ್ರಧಾನಿ 2009ರಲ್ಲಿ ಕ್ಷಮೆ ಯಾಚಿಸಿದರು. 2013ರ ಡಿಸೆಂಬರಿನಲ್ಲಿ ರಾಣಿಯ ಕ್ಷಮಾದಾನ ಬಂದಿತು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಆತನ ಚಿತ್ರ ಅಚ್ಚಾಯಿತು. ಅದೇ ಜಾತಿಯ ಕಾನೂನನ್ನು ಆಂಗ್ಲರು ನಮ್ಮ ದಂಡಸಂಹಿತೆಯಲ್ಲಿಯೂ ಇಟ್ಟುಹೋಗಿದ್ದರು. ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು.

ಸಂಭವನೀಯತೆಯನ್ನು ಗೂಢಲಿಪಿಗೆ ಅನ್ವಯಿಸುವ ಬಗೆಗೆ ಯುದ್ಧದ ದಿನಗಳಲ್ಲಿ ಟ್ಯೂರಿಂಗ್ ಬರೆದಿಟ್ಟ ಟಿಪ್ಪಣಿಯೊಂದನ್ನು ಬ್ರಿಟಿಷ್ ಸರ್ಕಾರವು ಸುಮಾರು 70 ವರ್ಷ ಬೀಗದೊಳಗೆ ಇರಿಸಿತ್ತು. ಆತನು ಜನಿಸಿ ನೂರು ವರ್ಷ ತುಂಬಿದ 2012ರಲ್ಲಿ ಅದು ಹೊರಬಂದು, ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರವನ್ನು ಸೇರಿತು. ಈಗ ಯಾರು ಬೇಕಾದರೂ ಹೋಗಿ ಅದನ್ನು ಓದಬಹುದು.